ಕೋಣೆ ಚಿಕ್ಕದಾದರೆ ಮೊದಲು ಹೆಡ್‌ಫೋನ್

ಮನೆಯಲ್ಲೇ ಹಾಡಿನ ಮಿಕ್ಸಿಂಗ್ (ಬೇರೆಬೇರೆ ಧ್ವನಿಗಳನ್ನು ಹದವಾಗಿ ಬೆರೆಸುವುದು) ಮಾಡಲು ಮೊದಲು ಮಾನಿಟರ್, ಅಂದರೆ ಸ್ಟುಡಿಯೋ ಸ್ಪೀಕರ್, ಕೊಳ್ಳಲೇ ಅಥವಾ ಹೆಡ್‌ಫೋನೇ ಎಂದು ಕೇಳಿದ್ದೀರಿ. 3 ಮೀಟರ್ ಅಗಲದ ಕೋಣೆ, ಬರಿಯ ಗೋಡೆಗಳು, ಮಿಕ್ಸಿಂಗ್ ಹೆಚ್ಚಾಗಿ ರಾತ್ರಿ ಎಂದಿದ್ದೀರಿ. ಹಾಗಾದರೆ ಮಾನಿಟರ್ ಸದ್ಯಕ್ಕೆ ಬೇಡ. ಹಿಂಬದಿ ತೆರೆದಿರುವ ಒಳ್ಳೆಯ ಹೆಡ್‌ಫೋನ್ ಕೊಳ್ಳಿ. ಅಷ್ಟು ಅಂತರದ ಎದುರುಬದುರು ಗೋಡೆಗಳ ನಡುವೆ ಸುಮಾರು 57 ಹರ್ಟ್ಸ್‌ನ ಧ್ವನಿ ಅನುರಣಿಸುತ್ತದೆ. ಕಿಕ್ ಡ್ರಮ್ಮಿನ ತೂಕ ಇರುವುದೂ ಅದರ ಆಸುಪಾಸಿನಲ್ಲೇ! ನಟ್ಟನಡುವೆ ಕುಳಿತರೆ ಅದು ಮಾಯ, ಗೋಡೆಯ ಬಳಿ ಸರಿದರೆ ಗುಡುಗು. ಎಷ್ಟೇ ದುಬಾರಿ ಮಾನಿಟರ್ ತಂದರೂ ಕೋಣೆಯ ಈ ದೋಷ ಹೋಗುವುದಿಲ್ಲ.

ಹೆಡ್‌ಫೋನಿನಲ್ಲಿ ಎಡಬದಿಯ ಧ್ವನಿ ಬಲಗಿವಿಗೆ ತಲುಪುವುದಿಲ್ಲವಾದ್ದರಿಂದ ಪ್ಯಾನಿಂಗ್ (ಧ್ವನಿಗಳನ್ನು ಎಡಬಲಕ್ಕೆ ಹಂಚುವುದು) ಇರುವುದಕ್ಕಿಂತ ಅಗಲವಾಗಿ ಕೇಳಿಸುತ್ತದೆ. ಅದನ್ನೂ ಗಾಯನದ ಮಟ್ಟವನ್ನೂ ಯಾವುದಾದರೂ ಸಾಧಾರಣ ಸ್ಪೀಕರಿನಲ್ಲಿ, ಸದ್ದು ತಗ್ಗಿಸಿ, ಕೇಳಿದ ಮೇಲೆಯೇ ಅಂತಿಮಗೊಳಿಸಿ. ಹಾಡಿನ ರೆಕಾರ್ಡಿಂಗ್‌ಗೆ ಮಾತ್ರ ಈ ಹೆಡ್‌ಫೋನ್ ಬಳಸಬೇಡಿ. ಸದ್ದು ಸೋರಿ ಮೈಕಿಗೆ ಸೇರುತ್ತದೆ.