ಚಂದಾದಾರನೋ, ಅಳಿಯನೋ?

ಪತ್ರ: ಇಪ್ಪತ್ತು ವರ್ಷದಿಂದ ನಿಮ್ಮ ಪತ್ರಿಕೆಯ ಚಂದಾದಾರ ನಾನು. ಮೊದಲೆಲ್ಲ ಮನಿಯಾರ್ಡರ್, ಆಮೇಲೆ ಚೆಕ್. ಈ ಸಲ ಆನ್‌ಲೈನಿನಲ್ಲೇ ಕಟ್ಟೋಣ ಎಂದಳು ಮಗಳು. ಹೆಸರು, ವಿಳಾಸ ಕೇಳಿದ್ದು ಸರಿ. ಹುಟ್ಟಿದ ದಿನಾಂಕ, ಉದ್ಯೋಗ, ವಾರ್ಷಿಕ ಆದಾಯ ಯಾಕೆ? ಖಾಲಿ ಬಿಟ್ಟರೆ ಮುಂದಕ್ಕೇ ಹೋಗುವುದಿಲ್ಲ. ನಾನು ಚಂದಾದಾರನಾಗಬೇಕೋ, ನಿಮ್ಮ ಮನೆ ಅಳಿಯನಾಗಬೇಕೋ?
– ಓದುಗರು, ಶಿರಸಿ (ಹೆಸರು ಹಾಕಬೇಡಿ ಎಂದಿದ್ದಾರೆ)

ಸಂಪಾದಕರ ಉತ್ತರ:

ಮಾನ್ಯರೇ, ಅಳಿಯನ ಮಾತಿಗೆ ಕಚೇರಿಯಲ್ಲಿ ಎಲ್ಲರೂ ನಕ್ಕೆವು. ನಕ್ಕಾದ ಮೇಲೆ ಆ ಅರ್ಜಿ ತುಂಬಲು ನಾನೇ ಕೂತೆ. ಅಲ್ಲಿಯವರೆಗೆ ಅದನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ, ತಪ್ಪು ನನ್ನದೇ. ಹನ್ನೊಂದು ಖಾನೆ, ಒಂಬತ್ತಕ್ಕೆ ಕೆಂಪು ನಕ್ಷತ್ರ, ಎಂದರೆ ತುಂಬಲೇಬೇಕು. ಹಿಂದೆ ನೀವು ಕಳಿಸುತ್ತಿದ್ದ ಮನಿಯಾರ್ಡರ್ ಫಾರಂನಲ್ಲಿ ಹೆಸರು, ವಿಳಾಸ, ಕೆಳಗಿನ ತುಂಡಿನಲ್ಲಿ ಎರಡು ಸಾಲು. ಅಷ್ಟರಲ್ಲೇ ಪತ್ರಿಕೆ ನಿಮ್ಮ ಮನೆ ತಲುಪುತ್ತಿತ್ತಲ್ಲ!

ಯಾಕೆ ಹೀಗಾಯಿತೆಂದು ವಿಚಾರಿಸಿದೆ. ಜಾಲತಾಣ ಮಾಡಿಕೊಟ್ಟವರು ಇನ್ನಾರಿಗೋ ಮಾಡಿದ್ದ ನಮೂನೆಯನ್ನೇ ತಂದು ಹಾಕಿದ್ದರು. ನಮ್ಮವರು ನೋಡಿ, "ಇರಲಿ ಬಿಡಿ, ಜಾಹೀರಾತುದಾರರು ಕೇಳಿದರೆ ಹೇಳೋಕಾಗುತ್ತೆ" ಎಂದರಂತೆ. ಆ ನಕ್ಷತ್ರವನ್ನು ಯಾವ ಕಾನೂನೂ ಇಟ್ಟದ್ದಲ್ಲ, ಒಬ್ಬರ 'ಇರಲಿ ಬಿಡಿ' ಇಟ್ಟದ್ದು.

ಹುಟ್ಟಿದ ದಿನಾಂಕ ಅಂಥ ಗುಟ್ಟೇನಲ್ಲ ಎನ್ನುವವರಿದ್ದಾರೆ. ನಮ್ಮ ತಲೆಮಾರಿನ ಎಷ್ಟೋ ಜನರಿಗಂತೂ ಅದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1! ಆದರೆ ಆಧಾರ್‌ಗೆ ಹತ್ತಿದ್ದೂ ಆ ಜೂನ್ ಒಂದೇ. ಇ-ಆಧಾರ್ ಕಡತವನ್ನು ಇಳಿಸಿಕೊಂಡಾಗ ಅದನ್ನು ತೆರೆಯುವ ಪಾಸ್‌ವರ್ಡ್ ಏನು ಗೊತ್ತೇ? ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಹೆಸರಿನ ಮೊದಲ ನಾಲ್ಕು ಅಕ್ಷರ, ಮುಂದೆ ಹುಟ್ಟಿದ ಇಸವಿ. ಕೆಲವು ಬ್ಯಾಂಕುಗಳು ಇಮೇಲಿಗೆ ಕಳಿಸುವ ಲೆಕ್ಕಪಟ್ಟಿಗೂ ಹೆಚ್ಚುಕಡಿಮೆ ಇದೇ ಬೀಗ. ಎಂದರೆ ಪತ್ರಿಕೆ ಓದುವ ಆಸೆಗೆ ನೀವು ನಮ್ಮ ಅರ್ಜಿಯಲ್ಲಿ ಬೀಗದ ಕೈಯನ್ನೇ ಬರೆದುಕೊಡಬೇಕಿತ್ತು.

ಬಿಡಿಬಿಡಿಯಾಗಿ ಸಾಧುವಾಗಿ ಕಾಣುವ ವಿವರಗಳು ಒಟ್ಟಿಗೆ ಸೇರಿದರೆ ಬೇರೆಯೇ ಆಗಿಬಿಡುತ್ತವೆ. ಅಮೆರಿಕದ ಗಣಕವಿಜ್ಞಾನಿ ಲಟಾನ್ಯಾ ಸ್ವೀನಿ 2000ರಲ್ಲಿ ಒಂದು ಅಂದಾಜು ಮಾಡಿದರು: ಹುಟ್ಟಿದ ದಿನಾಂಕ, ಲಿಂಗ, ಐದಂಕಿಯ ಅಂಚೆ ಸಂಖ್ಯೆ, ಈ ಮೂರೇ ಸಾಕು, ಅಲ್ಲಿನ ಜನರಲ್ಲಿ ಶೇ. 87ರಷ್ಟು ಮಂದಿಯನ್ನು ಹೆಸರಿಲ್ಲದೆಯೂ ಬೇರೆಮಾಡಿ ಗುರುತಿಸಬಹುದು. ನಾವು ಈ ಮೂರರ ಜೊತೆಗೆ ಹೆಸರನ್ನೂ ಕೇಳಿದ್ದೆವು. ಇಂಥ ಪಟ್ಟಿಯೊಂದು ಸೋರಿ ಕೈಗೆ ಸಿಕ್ಕವನು ಫೋನ್ ಮಾಡಿ, ನಿಮ್ಮ ಹೆಸರು, ಊರು, ಹುಟ್ಟಿದ ದಿನ ಎಲ್ಲ ತಾನೇ ಹೇಳಿ, "ಬ್ಯಾಂಕಿನಿಂದ ಮಾತಾಡ್ತಿದೀನಿ ಸರ್, ಕೆವೈಸಿ ಬಾಕಿ ಇದೆ" ಎಂದರೆ ನಂಬದೆ ಇರುವುದು ಕಷ್ಟ.

ಕಾನೂನಿನ ಮಾತಿಗೆ ಬಂದರೆ, ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ ಮೊಕದ್ದಮೆ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನದು. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತಾರು ವರ್ಷ. ಆಮೇಲೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ 6ನೇ ಸೆಕ್ಷನ್ನಿನಲ್ಲಿರುವ ಉದಾಹರಣೆ ನಿಮಗೆ ಹಿಡಿಸುತ್ತದೆ. ಫೋನಿನಲ್ಲೇ ವೈದ್ಯರನ್ನು ಕಾಣಿಸುವ ಆ್ಯಪ್ ಒಂದು ನಿಮ್ಮ ಫೋನಿನಲ್ಲಿರುವ ನಂಬರುಗಳ ಪಟ್ಟಿಯನ್ನೂ ಕೇಳುತ್ತದೆ, ನೀವು ಒಪ್ಪಿಯೂ ಬಿಡುತ್ತೀರಿ. ಆದರೂ ಚಿಕಿತ್ಸೆಗೆ ಆ ಪಟ್ಟಿ ಬೇಕಿಲ್ಲದ ಕಾರಣ ಆ ಒಪ್ಪಿಗೆ ಅದಕ್ಕೆ ಅನ್ವಯಿಸುವುದಿಲ್ಲ. ಏನೇನು, ಯಾತಕ್ಕೆ ಕೇಳುತ್ತಿದ್ದಾರೆ ಎಂಬ ಸೂಚನೆಯನ್ನು ಕನ್ನಡದಲ್ಲಿ ಓದುವ ಆಯ್ಕೆಯನ್ನೂ ಕೊಡಬೇಕು. ನಿಯಮಗಳು ಹೊರಬಂದದ್ದು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಳು ಜಾರಿಯಾಗಲು 18 ತಿಂಗಳ ಗಡುವಿದೆ. ಗಡುವು ಮುಗಿಯಲಿ ಎಂದು ನಾವು ಕಾಯಬೇಕಿಲ್ಲ.

ಸುಳ್ಳು ದಿನಾಂಕ ಬರೆಯಬಹುದೇ ಎಂದೂ ಪತ್ರದ ಅಂಚಿನಲ್ಲಿ ಕೇಳಿದ್ದೀರಿ. ಬ್ಯಾಂಕು, ವಿಮೆ, ಸರ್ಕಾರಿ ಕೆಲಸಕ್ಕೆ ಖಂಡಿತ ಬೇಡ. ಬಟ್ಟೆ ಅಂಗಡಿಯ ಸದಸ್ಯತ್ವಕ್ಕೆ ಹುಟ್ಟುಹಬ್ಬ ಕೇಳಿದರೆ, ನನ್ನನ್ನು ಕೇಳಬೇಡಿ. ನಾನು ಯುಗಾದಿಯ ದಿನ ಬರೆದು ಬಂದಿದ್ದೇನೆ.

ನಮ್ಮ ಅರ್ಜಿಯಲ್ಲಿ ಈಗ ಉಳಿದಿರುವುದು ಹೆಸರು, ವಿಳಾಸ, ಪಿನ್‌ಕೋಡ್. ಫೋನ್ ನಂಬರು ಕೊಟ್ಟರೆ ಕೊಡಿ, ನಕ್ಷತ್ರವಿಲ್ಲ. ಹಳೆಯದನ್ನು ಅಳಿಸುವುದು ಮಾತ್ರ ಅಂದುಕೊಂಡಷ್ಟು ಸಲೀಸಾಗಲಿಲ್ಲ. ಕಚೇರಿಯ ಮೂರು ಕಂಪ್ಯೂಟರುಗಳಲ್ಲಿ ಪಟ್ಟಿಯ ಮೂರು ಪ್ರತಿ ಇದ್ದವು. ನಾಲ್ಕನೆಯದು ವಿಳಾಸದ ಚೀಟಿ ಮುದ್ರಿಸುವವರ ಪೆನ್‌ಡ್ರೈವಿನಲ್ಲಿ, ನಿಮ್ಮೆಲ್ಲರ ಆದಾಯದ ಸಮೇತ. ಚೀಟಿಗೆ ಆದಾಯ ಯಾಕೆ ಬೇಕಿತ್ತು ಎಂದರೆ, "ನೀವೇ ಕಳಿಸಿದ್ರಲ್ಲ ಸರ್" ಎಂದರು. ನನ್ನೆದುರೇ ಅಳಿಸಿದರು. ಐದನೆಯದು ಎಲ್ಲಾದರೂ ಇದೆಯೇ ಎಂದು ಇನ್ನೂ ಹುಡುಕುತ್ತಿದ್ದೇವೆ.