ವಾಸಿಯಾದ ಮೇಲೂ ರಿಪೋರ್ಟ್ ಪಾಸಿಟಿವ್!

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ನಲವತ್ತು ದಾಟಿದವರು. ಬಂದವರೇ ಲ್ಯಾಬ್ ರಿಪೋರ್ಟ್ ಮುಂದಿಟ್ಟು, "ಕಾಯಿಲೆ ವಾಪಸ್ ಬಂದಿದೆ ಮೇಡಂ" ಅಂದರು. ಹಿಂದಿನ ವರ್ಷ ಲಿವರ್‌ಗೆ ತಗಲುವ ವೈರಸ್ ಕಾಯಿಲೆ ಹೆಪಟೈಟಿಸ್ ಸಿಗೆ 12 ವಾರ ಸೊಫೊಸ್‌ಬುವಿರ್-ವೆಲ್ಪಟಾಸ್ವಿರ್ ಮಾತ್ರೆಯನ್ನು ಒಂದು ದಿನವೂ ತಪ್ಪಿಸದೆ ನುಂಗಿದ್ದರು. ಈಗ ಹೊಸ ಕೆಲಸಕ್ಕೆ ಸೇರುವಾಗ ತಪಾಸಣೆ ಮಾಡಿಸಿದರೆ 'ಆಂಟಿ ಎಚ್‌ಸಿವಿ: ರಿಯಾಕ್ಟಿವ್', ಅಂದರೆ ಹೆಪಟೈಟಿಸ್ ಸಿ ವೈರಸ್ಸಿನ ಟೆಸ್ಟ್ ಪಾಸಿಟಿವ್. ಅವತ್ತಿಂದ ತಟ್ಟೆ ಲೋಟ ಬೇರೆ. ಮಗಳನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿಲ್ಲ.

ಅದು ಆಂಟಿಬಾಡಿ ಟೆಸ್ಟ್, ವೈರಸ್ ವಿರುದ್ಧ ಮೈ ತಯಾರಿಸಿಕೊಂಡ ಪ್ರತಿಕಾಯಗಳನ್ನು ಹುಡುಕುವಂಥದ್ದು. ವೈರಸ್ ಒಮ್ಮೆ ಮೈಗೆ ಹೊಕ್ಕಿತ್ತು ಅಂತಷ್ಟೇ ಹೇಳುತ್ತದೆ, ಈಗಲೂ ಇದೆಯಾ ಅಂತ ಹೇಳೋದಿಲ್ಲ. ವಾಸಿಯಾದವರಲ್ಲೂ ಇದು ವರ್ಷಗಟ್ಟಲೆ ಪಾಸಿಟಿವ್ ಬರುತ್ತಲೇ ಇರುತ್ತದೆ. "ಮಾತ್ರೆ ಮುಗಿದ 12 ವಾರಕ್ಕೆ ಇನ್ನೊಂದು ಟೆಸ್ಟ್ ಮಾಡಿಸಿದ್ರಲ್ವಾ?" ಅಂದೆ. ಫೈಲ್ ತಡಕಿದರು. ತಳದಲ್ಲಿ, ಔಷಧಿ ಬಿಲ್ಲಿಗೆ ಅಂಟಿಕೊಂಡು ಸಿಕ್ಕಿತು: 'ಎಚ್‌ಸಿವಿ ಆರ್‌ಎನ್‌ಎ: ನಾಟ್ ಡಿಟೆಕ್ಟೆಡ್'. ಆರ್‌ಎನ್‌ಎ ಅಂದರೆ ವೈರಸ್ಸಿನದೇ ವಂಶವಸ್ತು, ಅದು ರಕ್ತದಲ್ಲಿ ಸಿಗಲಿಲ್ಲ ಅಂತ. ಡಾಕ್ಟರು ವಾಸಿ ಅನ್ನೋದು ಇದನ್ನು ನೋಡಿಯೇ. ಎರಡು ಸಾಲು ಬಿಡಿಸಿ ಹೇಳುವವರು ಇದ್ದಿದ್ದರೆ ಇಷ್ಟು ಸಂಕಟ ಇರುತ್ತಿರಲಿಲ್ಲ.

ಕೆಲಸದ ಕಡೆಗೆ ಆರ್‌ಎನ್‌ಎ ರಿಪೋರ್ಟ್ ಜೊತೆ ಡಾಕ್ಟರ ಪತ್ರವನ್ನೂ ಕೊಡಲು ಹೇಳಿದೆ. ಮುಂದೆ ಅನುಮಾನ ಬಂದರೂ ಕೇಳಬೇಕಾದ್ದು ಆರ್‌ಎನ್‌ಎ ಟೆಸ್ಟನ್ನೇ. ತಟ್ಟೆ ಬೇರೆ ಇಡೋದು ಇವತ್ತಿಗೇ ಸಾಕು. ಈ ವೈರಸ್ ರಕ್ತದಿಂದ ಹರಡುವಂಥದ್ದು, ಜೊತೆಗೆ ಉಂಡರೆ, ಮಗಳನ್ನು ತಬ್ಬಿದರೆ ಅಲ್ಲ. ಆದರೆ ಒಮ್ಮೆ ವಾಸಿಯಾದರೆ ಮತ್ತೆ ತಗಲುವುದಿಲ್ಲ ಅಂತೇನಿಲ್ಲ, ಇದಕ್ಕೆ ಲಸಿಕೆಯೂ ಇಲ್ಲ. ಹಾಗಾಗಿ ರೇಜರ್, ಬ್ರಶ್, ಸೂಜಿ ಯಾರ ಜೊತೆಗೂ ಹಂಚಿಕೊಳ್ಳಬಾರದು.

ನನಗೆ ನಿಜವಾಗಿ ದಿಗಿಲಾಗಿದ್ದು ಅದೇ ಫೈಲಿನ ಇನ್ನೊಂದು ಹಾಳೆ ನೋಡಿ. ಚಿಕಿತ್ಸೆಗೆ ಮುಂಚೆಯೇ ಲಿವರ್ ಸಿರೋಸಿಸ್ ಆಗಿತ್ತು, ಅಂದರೆ ಲಿವರ್ ಕಲೆಗಟ್ಟಿ ಗಡುಸಾಗಿತ್ತು. ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಿ ಅಂತ ಬರೆದಿದ್ದರು. "ವಾಸಿ ಆಯ್ತಲ್ಲ ಅಂತ ಸುಮ್ನೆ ಬಿಟ್ಟೆ" ಅಂದರು. ವೈರಸ್ ಹೋದ ಮೇಲೆ ಲಿವರ್ ಕ್ಯಾನ್ಸರ್ ಅಪಾಯ ತಗ್ಗುತ್ತದೆ, ಆದರೆ ಸಿರೋಸಿಸ್ ಆದವರಲ್ಲಿ ಪೂರ್ತಿ ಹೋಗುವುದಿಲ್ಲ, ಆ ಸ್ಕ್ಯಾನ್ ಅದಕ್ಕೇ. ಬೇಡದ್ದಕ್ಕೆ ಹೆದರಿ, ನೋಡಬೇಕಾದ್ದನ್ನೇ ಕೈಬಿಟ್ಟಿದ್ದರು. ಹಬ್ಬಕ್ಕೊಂದು ಗ್ಲಾಸ್ ಕುಡಿಯಬಹುದಾ ಅಂತಲೂ ಕೇಳಿದರು. ಆ ಲಿವರ್‌ಗೆ ಅದೂ ಬೇಡ ಅಂದೆ.

ಹೆಂಡತಿ ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಏಳುವಾಗ, "ನಾನೂ ಟೆಸ್ಟ್ ಮಾಡಿಸ್ಬೇಕಾ?" ಅಂದರು. ಗಂಡ ಹೆಂಡತಿ ಮಧ್ಯೆ ಹರಡುವುದು ಅಪರೂಪ, ಆದರೂ ಒಮ್ಮೆ ಮಾಡಿಸಿಕೊಳ್ಳಿ ಅಂದೆ. ಇವರ ಸ್ಕ್ಯಾನ್ ದಿನವೇ ಅದನ್ನೂ ಮುಗಿಸೋಣ ಅಂತ ಅಲ್ಲೇ ದಿನ ಗೊತ್ತುಮಾಡಿಕೊಂಡರು.