ಎರಡು ಗಂಟೆ, ಐದು ಜಾಗ, ಮುನ್ನೂರು ಫೋಟೊ?

ಪ್ರವಾಸದಲ್ಲಿ ಖಾಸಗಿ ಫೋಟೊಶೂಟ್: ಓದುಗರ ಪ್ರಶ್ನೆಗಳಿಗೆ ಛಾಯಾಗ್ರಾಹಕರ ಉತ್ತರ

ರಜೆ ಹತ್ತಿರವಾದಂತೆ ನನಗೆ ಬರುವ ಪತ್ರಗಳಲ್ಲಿ ಅರ್ಧದಷ್ಟು ಒಂದೇ ಪ್ರಶ್ನೆಯನ್ನು ಹೊತ್ತು ಬರುತ್ತವೆ: ಪ್ರವಾಸ ಹೋಗುವ ಊರಿನಲ್ಲಿ ಫೋಟೊ ತೆಗೆಯಲು, ಇನ್‌ಸ್ಟಾಗ್ರಾಂನಲ್ಲಿ ಕಂಡ ಫೋಟೊಗ್ರಾಫರ್‌ನನ್ನು ಬುಕ್ ಮಾಡಬಹುದೇ? ಊರು ಬೇರೆ, ಹೆಸರು ಬೇರೆ, ಆದರೆ ಜನ ಮೋಸ ಹೋಗುವ ಬಗೆ ಒಂದೇ. ಹದಿನೆಂಟು ವರ್ಷ ಪ್ರವಾಸಿಗರ ಫೋಟೊ ತೆಗೆದವನಿಗೆ ಇದನ್ನು ಓದಿ ಸುಮ್ಮನಿರಲು ಆಗುವುದಿಲ್ಲ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಆ ಪ್ರಶ್ನೆಗೇ. ಯಾವ ಬಣ್ಣದ ಬಟ್ಟೆ ಹಾಕಿಕೊಳ್ಳಬೇಕು, ಯಾವ ಕಂಪನಿಯ ಕ್ಯಾಮೆರಾ ಒಳ್ಳೆಯದು ಎಂದು ಕೇಳಿದವರು ಕ್ಷಮಿಸಬೇಕು, ಅವನ್ನು ಕೈಬಿಟ್ಟಿದ್ದೇನೆ.

ಪ್ರಶ್ನೆ: ತೆಗೆದ ಎಲ್ಲ ಫೋಟೊಗಳ ರಾ ಫೈಲ್ ಕೊಡಲು ಫೋಟೊಗ್ರಾಫರ್ ಒಪ್ಪುತ್ತಿಲ್ಲ. ಜಗಳ ಮಾಡಬಹುದೇ?

ಬೇಡ. ರಾ ಫೈಲ್ ಎಂದರೆ ಕ್ಯಾಮೆರಾದಿಂದ ಬಂದ, ಇನ್ನೂ ತಿದ್ದದ ಮೂಲ ಕಡತ. ಅದು ಅರೆಬೆಂದ ಅಡುಗೆ. ಒಪ್ಪಂದದಲ್ಲಿ ಬರೆದಿರದಿದ್ದರೆ ಅದನ್ನು ಕೇಳುವ ಹಕ್ಕು ಸಾಮಾನ್ಯವಾಗಿ ನಿಮಗಿರುವುದಿಲ್ಲ.

ಪ್ರಶ್ನೆ: ಮಧ್ಯಾಹ್ನ ಬೆಳಕು ಚೆನ್ನಾಗಿರುತ್ತದೆ, 12 ಗಂಟೆಗೆ ಇಟ್ಟುಕೊಳ್ಳೋಣವೇ?

ಬೆಳಕು ಹೆಚ್ಚಿರುವುದು ಬೇರೆ, ಚೆನ್ನಾಗಿರುವುದು ಬೇರೆ. ನೆತ್ತಿಯ ಮೇಲಿನ ಬಿಸಿಲು ಕಣ್ಣಿನ ಗುಳಿಗಳಲ್ಲಿ, ಮೂಗಿನ ಕೆಳಗೆ ಕಪ್ಪು ನೆರಳು ಬೀಳಿಸುತ್ತದೆ. ಬೇರೆ ಸಮಯವೇ ಇಲ್ಲದಿದ್ದರೆ ಕಮಾನಿನ ಕೆಳಗೋ ಕಿರುಗಲ್ಲಿಯ ನೆರಳಲ್ಲೋ ನಿಲ್ಲಿ.

ಪ್ರಶ್ನೆ: ಮುಂದಿನ ತಿಂಗಳು ನಾನು ಮತ್ತು ನನ್ನ ಪತ್ನಿ ನಾಲ್ಕು ದಿನಕ್ಕೆ ಪ್ಯಾರಿಸ್‌ಗೆ ಹೋಗುತ್ತಿದ್ದೇವೆ. ಇನ್‌ಸ್ಟಾಗ್ರಾಂನಲ್ಲಿ ಒಬ್ಬ ಫೋಟೊಗ್ರಾಫರ್ ಸಿಕ್ಕಿದ್ದಾರೆ. ಫೋಟೊಗಳು ಅದ್ಭುತವಾಗಿವೆ. ಎರಡು ಗಂಟೆಯಲ್ಲಿ ಐದು ಸ್ಥಳ, 300 ಫೋಟೊ, ಎಲ್ಲವೂ ಅಂದು ರಾತ್ರಿಯೇ ಕೈಗೆ ಎನ್ನುತ್ತಾರೆ. ಇವತ್ತೇ ಪೂರ್ತಿ ಹಣ ಕಳಿಸಿದರೆ ದೊಡ್ಡ ರಿಯಾಯಿತಿಯಂತೆ. ಬುಕ್ ಮಾಡಬಹುದೇ?

ಮಾಡಬೇಡಿ. ಕನಿಷ್ಠ ಇವತ್ತು ಮಾಡಬೇಡಿ. ನಿಮ್ಮ ಪತ್ರದ ಪ್ರತಿಯೊಂದು ಸಾಲಿನಲ್ಲೂ ಒಂದೊಂದು ಎಚ್ಚರಿಕೆಯ ಗಂಟೆ ಬಾರಿಸುತ್ತಿದೆ.

ಮೊದಲು ಲೆಕ್ಕ ಹಾಕೋಣ. ಐಫೆಲ್ ಗೋಪುರದ ಎದುರಿನ ಟ್ರೊಕಾಡೆರೊ ಚೌಕದಿಂದ ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಹೋಗಲು ಕಾರು ಸಿಕ್ಕಿ, ಹತ್ತಿ, ಇಳಿದು, ನಡೆದು ಜಾಗ ಹಿಡಿಯುವಷ್ಟರಲ್ಲಿ ಇಪ್ಪತ್ತು ನಿಮಿಷವಾದರೂ ಬೇಕು. ಐದು ಸ್ಥಳಗಳೆಂದರೆ ಅಂತಹ ನಾಲ್ಕು ಓಡಾಟ. ಎರಡು ಗಂಟೆಯಲ್ಲಿ ಎಂಬತ್ತು ನಿಮಿಷ ರಸ್ತೆಯಲ್ಲೇ ಕಳೆಯಿತು. ಉಳಿದ ನಲವತ್ತು ನಿಮಿಷವನ್ನು ಐದರಿಂದ ಭಾಗಿಸಿದರೆ ಒಂದು ಜಾಗಕ್ಕೆ ಎಂಟು ನಿಮಿಷ. ಕ್ಯಾಮೆರಾದ ಮುಂದೆ ನಿಂತು ಅಭ್ಯಾಸವಿಲ್ಲದವರ ಭುಜ ಸಡಿಲವಾಗುವುದಕ್ಕೇ ಹತ್ತು ನಿಮಿಷ ಹಿಡಿಯುತ್ತದೆ. ಅಂದರೆ ಐದೂ ಕಡೆ ನೀವು ಕಟ್ಟಿಗೆಯ ಹಾಗೆ ನಿಂತ ಫೋಟೊಗಳೇ ಸಿಗುತ್ತವೆ. ಒಂದೇ ಜಾಗ ಆರಿಸಿಕೊಳ್ಳಿ, ಹೆಚ್ಚೆಂದರೆ ನಡೆದು ಹೋಗುವಷ್ಟು ಹತ್ತಿರದ ಎರಡು.

ಇನ್ನು 300 ಫೋಟೊ. ಒಂದೊಂದನ್ನು ಎರಡೇ ನಿಮಿಷ ನೋಡಿ ತಿದ್ದಿದರೂ ಹತ್ತು ಗಂಟೆಯ ಕೆಲಸ. ಅಂದು ರಾತ್ರಿಯೇ ಕೊಡುತ್ತೇನೆ ಎನ್ನುವವನು ಒಂದನ್ನೂ ನೋಡುವುದಿಲ್ಲ. ಎಲ್ಲಕ್ಕೂ ಒಂದೇ ಫಿಲ್ಟರ್ ಬಳಿದು ಕಳಿಸುತ್ತಾನೆ. ಫೋಟೊಗಳನ್ನು ತರಕಾರಿಯಂತೆ ತೂಗಿ ಕೊಳ್ಳುವ ಈ ಅಭ್ಯಾಸವನ್ನು ದಯವಿಟ್ಟು ಬಿಡಿ. ಒಂದು ಗಂಟೆಯಲ್ಲಿ ಗೋಡೆಗೆ ಹಾಕುವಂತಹ ಮೂವತ್ತು ಫೋಟೊ ಕೊಟ್ಟವನು ನಿಮಗೆ ಕಡಿಮೆ ಕೊಟ್ಟಿಲ್ಲ.

ಈಗ ಆ ‘ಅದ್ಭುತ’ ಫೋಟೊಗಳ ವಿಷಯ. ಒಂದು ಅಗುಳು ಹಿಸುಕಿ ನೋಡಿ ಅನ್ನ ಬೆಂದಿದೆ ಎನ್ನುವ ಲೆಕ್ಕ ಈ ವೃತ್ತಿಯಲ್ಲಿ ನಡೆಯುವುದಿಲ್ಲ. ಹತ್ತು ವರ್ಷದಲ್ಲಿ ಬಿದ್ದ ಹತ್ತು ಒಳ್ಳೆಯ ಫೋಟೊಗಳನ್ನು ಯಾರು ಬೇಕಾದರೂ ಪ್ರದರ್ಶನಕ್ಕೆ ಇಡಬಹುದು. ಕೆಲವರು ಅಷ್ಟೂ ಕಷ್ಟಪಡದೆ ಬೇರೆಯವರ ಫೋಟೊಗಳನ್ನೇ ಕದ್ದು ಹಾಕಿಕೊಳ್ಳುತ್ತಾರೆ. ನನ್ನ ಫೋಟೊಗಳು ನಾನು ಕಾಲಿಡದ ಊರಿನ ಒಬ್ಬ ‘ಫೋಟೊಗ್ರಾಫರ್’ನ ಪುಟದಲ್ಲಿ ಸಿಕ್ಕಿದ್ದವು. ಅವನಿಗೆ ಮುಂಗಡ ಕೊಟ್ಟ ದಂಪತಿಯೇ ನನ್ನನ್ನು ಹುಡುಕಿಕೊಂಡು ಪತ್ರ ಬರೆದಿದ್ದರು. ಹೇಳಿದ ಜಾಗದಲ್ಲಿ ಬೆಳಗಿನ ಚಳಿಯಲ್ಲಿ ಒಂದೂವರೆ ಗಂಟೆ ಕಾದರಂತೆ. ಯಾರೂ ಬರಲಿಲ್ಲ. ಆ ಪತ್ರ ಓದಿದ ದಿನದಿಂದ ಈ ವಿಷಯದಲ್ಲಿ ನನ್ನ ತಾಳ್ಮೆ ಮುಗಿದಿದೆ.

ಆದ್ದರಿಂದ, ಒಂದು ಫೋಟೊ ಬೇರೆಲ್ಲಿ ಇದೆ ಎಂದು ಹುಡುಕಿಕೊಡುವ ಗೂಗಲ್ ಲೆನ್ಸ್‌ನಲ್ಲಿ ಅವರ ನಾಲ್ಕೈದು ಫೋಟೊ ಹಾಕಿ ನೋಡಿ. ಆಮೇಲೆ ಒಂದೇ ಒಂದು ಬೇಡಿಕೆ ಇಡಿ: ಯಾವುದಾದರೂ ಒಂದು ಕುಟುಂಬಕ್ಕೆ ಒಂದೇ ಶೂಟ್‌ನಲ್ಲಿ ಕೊಟ್ಟ ಪೂರ್ತಿ ಆಲ್ಬಂ ತೋರಿಸಿ, ಮೊದಲ ಫೋಟೊದಿಂದ ಕೊನೆಯದರವರೆಗೆ. ನಿಜವಾಗಿ ಕೆಲಸ ಮಾಡುವವರ ಬಳಿ, ಗ್ರಾಹಕರು ಒಪ್ಪಿಗೆ ಕೊಟ್ಟಿರುವ ಇಂತಹ ಒಂದೆರಡು ಆಲ್ಬಂ ಇದ್ದೇ ಇರುತ್ತವೆ. ಅದರಲ್ಲಿ ಮೂರು ಸಂಗತಿ ನೋಡಿ. ಕೊನೆಯ ಫೋಟೊಗಳೂ ಮೊದಲಿನವುಗಳಷ್ಟೇ ಚೆನ್ನಾಗಿವೆಯೇ? ಮಾಡೆಲ್‌ಗಳಲ್ಲದ, ಕನ್ನಡಕ ಹಾಕಿದ, ಹೊಟ್ಟೆ ಬಂದ, ವಯಸ್ಸಾದ ಸಾಮಾನ್ಯ ಜನರೂ ಚೆನ್ನಾಗಿ ಕಾಣುತ್ತಾರೆಯೇ? ನಿಮ್ಮ ಮೈಬಣ್ಣದವರನ್ನು ಅವರ ನಿಜವಾದ ಬಣ್ಣದಲ್ಲಿ ತೋರಿಸಿದ್ದಾರೆಯೇ, ಇಲ್ಲವೇ ಸುಣ್ಣ ಬಳಿದಂತೆ ಬಿಳಿಚಿಸಿದ್ದಾರೆಯೇ? ಈ ಮೂರನೆಯದನ್ನು ಒತ್ತಿ ಹೇಳುತ್ತೇನೆ. ಮುಖವನ್ನು ಬೆಳ್ಳಗೆ ಮಾಡುವುದನ್ನೇ ಎಡಿಟಿಂಗ್ ಎಂದುಕೊಂಡವರ ಕೈಗೆ ನಿಮ್ಮ ಮುಖ ಕೊಡಬೇಡಿ.

ಹಣದ ಮಾತು. ಮುಂಗಡ ಕೇಳುವುದು ತಪ್ಪಲ್ಲ, ನಾನೂ ಕೇಳುತ್ತೇನೆ. ಬುಕ್ ಮಾಡಿ ಬಾರದವರಿಂದ ನಮ್ಮ ಒಂದು ಬೆಳಗು ಹಾಳಾಗುತ್ತದೆ. ಆದರೆ ಇಂದೇ, ಪೂರ್ತಿ ಎಂದು ಅವಸರಪಡಿಸುವುದು ವ್ಯಾಪಾರಿಯ ಲಕ್ಷಣವಲ್ಲ, ವಂಚಕನ ಲಕ್ಷಣ. ಒಂದು ಭಾಗ ಈಗ, ಉಳಿದದ್ದು ಶೂಟ್ ಮುಗಿದ ಮೇಲೆ ಎಂದು ಹೇಳಿ. ಕ್ರೆಡಿಟ್ ಕಾರ್ಡ್‌ನಲ್ಲಿ ಕೊಡಿ, ವ್ಯಾಜ್ಯವಾದರೆ ಬ್ಯಾಂಕಿನ ಬಾಗಿಲು ತಟ್ಟಬಹುದು. ಆನ್‌ಲೈನ್ ಹಣ ಪಾವತಿಯ ಪೇಪಾಲ್‌ನಲ್ಲಿ ‘ಸ್ನೇಹಿತರು ಮತ್ತು ಕುಟುಂಬ’ ಎಂಬ ದಾರಿಯಲ್ಲಿ ಕಳಿಸಿ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಆ ದಾರಿಯಲ್ಲಿ ಕಳಿಸಿದ ಹಣಕ್ಕೆ ಖರೀದಿದಾರರ ರಕ್ಷಣೆ ಇಲ್ಲ. ಅದು ಗೊತ್ತಿದ್ದೇ ಅವರು ಕೇಳುತ್ತಾರೆ.

ಸಣ್ಣದಾದರೂ ಬರಹದಲ್ಲಿ ಒಂದು ಒಪ್ಪಂದ ಇರಲಿ. ಇಮೇಲ್ ಸಾಕು. ಕ್ಯಾಮೆರಾ ಹಿಡಿದು ಬರುವವರು ಯಾರು ಎಂಬುದನ್ನು ಹೆಸರು ಹಿಡಿದು ಬರೆಸಿಕೊಳ್ಳಿ. ಹೆಸರಾಂತರ ಪುಟದಲ್ಲಿ ಬುಕ್ ಮಾಡಿ, ಕೆಲಸಕ್ಕೆ ಸೇರಿ ಎರಡು ತಿಂಗಳಾದ ಹುಡುಗನ ಮುಂದೆ ನಿಂತವರು ಬಹಳ ಮಂದಿ. ಮಳೆ ಬಂದರೆ ಏನು, ಫೋಟೊ ಎಷ್ಟು ದಿನದಲ್ಲಿ, ರದ್ದು ಮಾಡಿದರೆ ಎಷ್ಟು ವಾಪಸ್ ಎಂಬುದೂ ಬೇಕು. ‘ನಿಮ್ಮ ಕ್ಯಾಮೆರಾ ಒಮ್ಮೆಗೇ ಎರಡು ಮೆಮೊರಿ ಕಾರ್ಡ್‌ಗಳಲ್ಲಿ ಫೋಟೊ ಉಳಿಸುತ್ತದೆಯೇ’ ಎಂದೂ ಕೇಳಿ. ಇದನ್ನು ಕೇಳುವವರು ಕಡಿಮೆ, ಆದರೆ ನಾನು ಕೇಳಿ ಎನ್ನಲು ಕಾರಣವಿದೆ. ವೃತ್ತಿಯ ಮೂರನೇ ವರ್ಷದಲ್ಲಿ ನನ್ನ ಕ್ಯಾಮೆರಾದಲ್ಲಿ ಒಂದೇ ಕಾರ್ಡ್ ಇತ್ತು, ಅದು ಕೆಟ್ಟಿತು. ಮದುವೆಯಾಗಿ ನಲವತ್ತು ವರ್ಷವಾದ ದಂಪತಿಯ ಇಡೀ ಬೆಳಗು ಹೋಯಿತು. ಹಣ ಹಿಂತಿರುಗಿಸಿದೆ. ಅವರು ಮರುದಿನವೇ ಊರಿಗೆ ಹೊರಟಿದ್ದರು, ಆ ಬೆಳಗನ್ನು ಮಾತ್ರ ಹಿಂತಿರುಗಿಸಲು ಆಗಲಿಲ್ಲ.

ಇದೆಲ್ಲ ಸರಿಹೋದ ಮೇಲೆ ಸಮಯ ಗೊತ್ತುಮಾಡಿ. ‘ಸಂಜೆ 6 ಗಂಟೆಗೆ ಹೊಂಬಿಸಿಲು’ ಎಂಬುದು ಶುದ್ಧ ಸುಳ್ಳು. ಪ್ಯಾರಿಸ್‌ನಲ್ಲಿ ಜೂನ್ ಕೊನೆಗೆ ಸೂರ್ಯ ಮುಳುಗುವುದು ರಾತ್ರಿ 10ರ ಸುಮಾರಿಗೆ, ಡಿಸೆಂಬರ್‌ನಲ್ಲಿ ಸಂಜೆ 5ಕ್ಕೂ ಮೊದಲು. ಹೊಂಬಿಸಿಲು ಎಲ್ಲ ಕಡೆ ಒಂದೇ ಗಂಟೆ ಇರುತ್ತದೆ ಎಂಬುದೂ ಸುಳ್ಳು. ಸಮಭಾಜಕ ವೃತ್ತದ ಪಕ್ಕದ ಸಿಂಗಪುರದಲ್ಲಿ ಸೂರ್ಯ ನೆಟ್ಟಗೆ ಇಳಿಯುತ್ತಾನೆ, ಒಳ್ಳೆಯ ಬೆಳಕು ಅರ್ಧ ಗಂಟೆಯೂ ನಿಲ್ಲುವುದಿಲ್ಲ. ಉತ್ತರಕ್ಕೆ ಹೋದಷ್ಟೂ ಓರೆಯಾಗಿ ಇಳಿಯುತ್ತಾನೆ. ಜೂನ್‌ನಲ್ಲಿ ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ಅದೇ ಬೆಳಕು ಗಂಟೆಗಟ್ಟಲೆ ಇರುತ್ತದೆ. ನೀವು ಹೋಗುವ ತಾರೀಖಿನ ಸೂರ್ಯೋದಯ, ಸೂರ್ಯಾಸ್ತ ಹುಡುಕಲು ಒಂದು ನಿಮಿಷ ಸಾಕು.

ದಿಕ್ಕನ್ನೂ ನೋಡಬೇಕು. ಟ್ರೊಕಾಡೆರೊದಲ್ಲಿ ನಿಂತರೆ ಐಫೆಲ್ ಗೋಪುರ ನಿಮಗೆ ಆಗ್ನೇಯಕ್ಕಿರುತ್ತದೆ. ಬೆಳಿಗ್ಗೆ ಸೂರ್ಯ ಗೋಪುರದ ಕಡೆಯಿಂದ ಏರುವುದರಿಂದ ಎದುರುಬೆಳಕು, ಸಂಜೆಯಾದರೆ ಗೋಪುರದ ಮೇಲೆ ನೇರ ಬೆಳಕು. ವೆನಿಸ್‌ನ ಸೇಂಟ್ ಮಾರ್ಕ್ ಬೆಸಿಲಿಕಾ ಪಶ್ಚಿಮಕ್ಕೆ ಮುಖ ಮಾಡಿದೆ. ಅದರ ಮುಂಭಾಗ ಹೊಳೆಯುವುದು ಮಧ್ಯಾಹ್ನದ ನಂತರ. ಹಾಗಿದ್ದರೂ ಟ್ರೊಕಾಡೆರೊಗೆ ನಾನು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಬನ್ನಿ ಎನ್ನುತ್ತೇನೆ. ಆಗ ಆಕಾಶವೆಲ್ಲ ಒಂದು ದೊಡ್ಡ ಮೆತ್ತನೆಯ ದೀಪ, ಮೆಟ್ಟಿಲುಗಳ ಮೇಲೆ ಜನ ವಿರಳ. ಸಂಜೆ ಬಂದರೆ ನಿಮ್ಮ ಹಿಂದೆ ಅಪರಿಚಿತರ ಮೊಣಕೈಗಳೇ ಇರುತ್ತವೆ. ನಸುಕಿಗೆ ಏಳಲು ಆಗುವುದಿಲ್ಲ ಎನ್ನುವವರು ಫೋಟೊಶೂಟ್‌ಗೆ ಹಣ ಸುರಿಯದಿರುವುದೇ ಒಳ್ಳೆಯದು. ಮಳೆಯ ಸೂಚನೆ ಇದ್ದರೆ ಪ್ಯಾರಿಸ್‌ನ ಬಿರ್ ಹಕೀಮ್ ಸೇತುವೆಗೆ ಹೋಗಿ. ಮೇಲೆ ಮೆಟ್ರೊ ಓಡುತ್ತದೆ, ಅದರ ಕೆಳಗಿನ ಉಕ್ಕಿನ ಕಂಬಗಳ ಸಾಲಿನಲ್ಲಿ ನೆನೆಯದೆ ನಿಲ್ಲಬಹುದು.

ಗೋಪುರ ನಿಮ್ಮ ಹಿಂದೆ ದೊಡ್ಡದಾಗಿ ಕಾಣಬೇಕೇ? ಫೋಟೊಗ್ರಾಫರ್ ನಿಮ್ಮಿಂದ ದೂರ ಹೋಗಿ, ದೂರದ್ದನ್ನು ಹತ್ತಿರ ತೋರಿಸುವ ಉದ್ದ ಲೆನ್ಸ್ ಹಾಕಬೇಕು. ಹತ್ತಿರ ನಿಂತು ಅಗಲ ಲೆನ್ಸ್‌ನಲ್ಲಿ ತೆಗೆದರೆ ಗೋಪುರ ಕುಗ್ಗಿ, ಫೋಟೊದ ಅಂಚಿನಲ್ಲಿರುವವರ ಮುಖ ಹಿಗ್ಗುತ್ತದೆ. ಅವರು ಹಿಂದೆ ಹಿಂದೆ ನಡೆದು ಹೋದರೆ ಗಾಬರಿಯಾಗಬೇಡಿ. ಹೊರಡುವ ಮೊದಲು ಜೇಬು ಖಾಲಿ ಮಾಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ: ಎಡ ಜೇಬಿನಲ್ಲಿ ಮೊಬೈಲು, ಬಲ ಜೇಬಿನಲ್ಲಿ ಕೀಲಿಗೊಂಚಲು, ಎರಡೂ ಪ್ಯಾಂಟಿನ ಮೇಲೆ ಗಡ್ಡೆ ಎದ್ದಂತೆ ಉಬ್ಬಿರುತ್ತವೆ. ಮಣಿಕಟ್ಟಿನಲ್ಲಿ ಕೂದಲಿನ ಕಪ್ಪು ರಬ್ಬರ್ ಬ್ಯಾಂಡ್ ಹಾಗೇ ಉಳಿದಿರುತ್ತದೆ. ಮುಖದ ಮೇಲೆ ಎಷ್ಟು ಸಂತೋಷವಿದ್ದರೂ ಕಣ್ಣು ಹೋಗುವುದು ಅಲ್ಲಿಗೇ.

ಪ್ರಶ್ನೆ: ನಮ್ಮ ಫೋಟೊಗಳನ್ನು ಫೋಟೊಗ್ರಾಫರ್ ತನ್ನ ಜಾಹೀರಾತಿಗೆ ಬಳಸಬಹುದೇ?

ದೇಶದಿಂದ ದೇಶಕ್ಕೆ ಉತ್ತರ ಬೇರೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿಕೊಂಡ ಫೋಟೊದ ಹಕ್ಕು ತೆಗೆಸಿಕೊಂಡವರದು. ಅಮೆರಿಕದಲ್ಲಿ ಸಾಮಾನ್ಯವಾಗಿ ಅದು ಫೋಟೊಗ್ರಾಫರ್‌ನದೇ. ಬ್ರಿಟನ್‌ನಲ್ಲೂ ಹಕ್ಕು ಫೋಟೊಗ್ರಾಫರ್‌ನದು, ಆದರೆ ಖಾಸಗಿ ಬಳಕೆಗೆ ತೆಗೆಸಿಕೊಂಡ ಫೋಟೊಗಳು ಸಾರ್ವಜನಿಕವಾಗದಂತೆ ತಡೆಯುವ ಹಕ್ಕನ್ನು 1988ರ ಕಾಯಿದೆ ನಿಮಗೆ ಕೊಟ್ಟಿದೆ. ಮುಂಚೆಯೇ ಬರೆಸಿಕೊಂಡರೆ ಈ ಗೋಜಲು ಇಲ್ಲ. ಮಕ್ಕಳ ಫೋಟೊಗಳನ್ನು ಎಲ್ಲಿಯೂ ಹಾಕಬಾರದು ಎಂದು ಖಡಾಖಂಡಿತವಾಗಿ ಬರೆಸಿ. ರಿಯಾಯಿತಿ ಕೊಡುತ್ತೇನೆ ಎಂದರೂ ಒಪ್ಪಬೇಡಿ. ಇದು ನನ್ನ ವೈಯಕ್ತಿಕ ಹಟ, ಬಿಡುವುದಿಲ್ಲ.

ಪ್ರಶ್ನೆ: ರಾತ್ರಿ ಐಫೆಲ್ ಗೋಪುರದ ಫೋಟೊ ತೆಗೆದರೆ ಜೈಲಂತೆ, ನಿಜವೇ?

ಸುಳ್ಳು. 1985ರಲ್ಲಿ ಅಳವಡಿಸಿದ ಆ ಬಂಗಾರದ ಬಣ್ಣದ ದೀಪವ್ಯವಸ್ಥೆಗೆ ಹಕ್ಕುಸ್ವಾಮ್ಯ ಇದೆ, ವಾಣಿಜ್ಯ ಬಳಕೆಗೆ ಅನುಮತಿ ಬೇಕು. ನಿಮ್ಮ ನೆನಪಿಗೆ ತೆಗೆದುಕೊಳ್ಳುವುದನ್ನು ಯಾರೂ ತಡೆಯುವುದಿಲ್ಲ. ಈ ಪುಕಾರನ್ನು ಹಬ್ಬಿಸುವುದನ್ನು ಇನ್ನಾದರೂ ನಿಲ್ಲಿಸಿ.

ಪ್ರಶ್ನೆ: ಅನುಮತಿಯ ಚಿಂತೆ ಫೋಟೊಗ್ರಾಫರ್‌ಗೆ ಬಿಟ್ಟರೆ ಸಾಲದೇ?

ಸಾಲದು. ಕಾವಲುಗಾರ ತಡೆದರೆ ಹಾಳಾಗುವುದು ನಿಮ್ಮ ಬೆಳಗು. ಅನುಮತಿ ಪತ್ರದ ಪ್ರತಿ ಕೇಳಿ. ತಾಜ್ ಮಹಲಿಗೆ ಶುಕ್ರವಾರ ರಜೆ, ಅನುಮತಿಯಿಲ್ಲದೆ ಟ್ರೈಪಾಡ್ ಒಳಗೆ ಬಿಡುವುದಿಲ್ಲ, ಮುಖ್ಯ ಸಮಾಧಿಯ ಒಳಗೆ ಫೋಟೊ ನಿಷಿದ್ಧ. ರೋಮ್‌ನ ಸ್ಪ್ಯಾನಿಷ್ ಮೆಟ್ಟಿಲುಗಳ ಮೇಲೆ 2019ರಿಂದ ಕುಳಿತರೇ ದಂಡ. ಜಪಾನಿನ ಕ್ಯೋಟೊ ನಗರದ ಗಿಯೊನ್ ಬಡಾವಣೆಯ ಖಾಸಗಿ ಗಲ್ಲಿಗಳಲ್ಲಿ ಫೋಟೊ ತೆಗೆದರೆ 10,000 ಯೆನ್ ದಂಡ ಎಂದು ಫಲಕವೇ ಹಾಕಿದ್ದಾರೆ. ಅಲ್ಲಿನ ಸಾಂಪ್ರದಾಯಿಕ ಕಲಾವಿದೆಯರಾದ ಗೇಷಾಗಳನ್ನು ಬೆನ್ನಟ್ಟಿ ಕಾಡಿದ ಪ್ರವಾಸಿಗರಿಂದಲೇ ಆ ಫಲಕ ಬಂತು. ಗ್ರೀಸ್‌ನ ಸ್ಯಾಂಟೊರಿನಿ ದ್ವೀಪದ ಬಿಳಿ ಮಾಳಿಗೆಗಳು ಜನ ವಾಸಿಸುವ ಮನೆಗಳವು. ‘ಎಲ್ಲರೂ ಹತ್ತುತ್ತಾರೆ, ಬನ್ನಿ’ ಎನ್ನುವ ಫೋಟೊಗ್ರಾಫರ್ ಜೊತೆ ಹತ್ತಬೇಡಿ, ಅಲ್ಲಿಂದಲೇ ಹಿಂತಿರುಗಿ.

ಪ್ರಶ್ನೆ: ನಮ್ಮ ಊರಿನ ಫೋಟೊಗ್ರಾಫರ್‌ನನ್ನೇ ಪ್ರವಾಸಿ ವೀಸಾದಲ್ಲಿ ಕರೆದೊಯ್ದರೆ?

ಹಣ ಪಡೆದು ಕೆಲಸ ಮಾಡಲು ಬಹುತೇಕ ದೇಶಗಳ ಪ್ರವಾಸಿ ವೀಸಾ ಅವಕಾಶ ಕೊಡುವುದಿಲ್ಲ. ಸಿಕ್ಕಿಬಿದ್ದರೆ ಅವರನ್ನು ವಾಪಸ್ ಕಳಿಸುತ್ತಾರೆ, ಮುಂದಿನ ವೀಸಾಗಳಿಗೂ ಕುತ್ತು. ಸ್ಥಳೀಯರನ್ನೇ ಹಿಡಿಯಿರಿ, ಯಾವ ಗಲ್ಲಿಗೆ ಎಷ್ಟು ಹೊತ್ತಿಗೆ ಬಿಸಿಲು ಇಣುಕುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಪ್ರಶ್ನೆ: ಡ್ರೋನ್ ಕೂಡ ಒಯ್ಯಲೇ?

ಪ್ಯಾರಿಸ್‌ನಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಮೊರಾಕ್ಕೊಗಾದರೆ ಕಸ್ಟಮ್ಸ್‌ನವರೇ ಹಿಡಿದಿಟ್ಟುಕೊಳ್ಳುತ್ತಾರೆ. ಮನೆಯಲ್ಲೇ ಬಿಡಿ.

ಪ್ರಶ್ನೆ: ಎರಡು ವರ್ಷದ ಮಗಳಿದ್ದಾಳೆ. ನಸುಕಿನಲ್ಲಿ ಎಬ್ಬಿಸಿದರೆ ಅಳುತ್ತಾಳೆ. ಏನು ಮಾಡಲಿ?

ಮಗುವಿನ ನಿದ್ದೆಯೇ ಮೊದಲು, ಬೆಳಕು ಆಮೇಲೆ. ಅವಳು ಮಲಗಿ ಎದ್ದು, ಹೊಟ್ಟೆ ತುಂಬಿಸಿಕೊಂಡ ಹೊತ್ತಿಗೆ ಅರ್ಧ ಗಂಟೆ ಮಾತ್ರ ಬುಕ್ ಮಾಡಿ. ನೆರಳಿರುವ ಉದ್ಯಾನ ಸಾಕು, ಸ್ಮಾರಕ ಬೇಡ. ಕ್ಯಾಮೆರಾ ನೋಡು, ನಗು ಎಂದು ಯಾರೂ ಕೂಗದಿರಲಿ. ನೀವು ಅವಳ ಜೊತೆ ನೆಲದ ಮೇಲೆ ಕುಳಿತು ಆಡಿ, ಫೋಟೊಗ್ರಾಫರ್ ದೂರದಿಂದ ತೆಗೆಯಲಿ. ಅತ್ತರೆ ಅವಳನ್ನು ಎತ್ತಿಕೊಳ್ಳಿ. ಎತ್ತಿಕೊಂಡ ಆ ಕ್ಷಣವನ್ನೂ ತೆಗೆಯಿರಿ ಎಂದು ಅವರಿಗೆ ಮೊದಲೇ ಹೇಳಿಡಿ.